ಸಾಕ್ಷಿ ಹೇಳುವ ಮುಂಚೆ ಮನೆಗೆ ಫೋನ್ ಮಾಡು

ತಂಗಿ, ಗುಳೇದಗುಡ್ಡದವಳು ಅಂತ ಓದಿದ ಕೂಡಲೇ ನನಗೆ ಅರ್ಧ ಬಳಗದವಳೇ ಆಗಿಬಿಟ್ಟೆ. ಇಂಗ್ಲೆಂಡಿನ ಲೆಸ್ಟರ್‌ಗೆ ನರ್ಸಾಗಿ ಬಂದು ಇನ್ನೂ ವಾರ್ಡಿನ ಕೆಲಸ ಕೈಗೆ ಹತ್ತಿಲ್ಲ, ಅಷ್ಟರಲ್ಲೇ ನೀನು ಹೋಗುವ ಸಭೆಯವರು ಮುಂದಿನ ತಿಂಗಳ ಆರಾಧನೆಯಲ್ಲಿ ಐದು ನಿಮಿಷ ಸಾಕ್ಷಿ ಹೇಳು, ಅಂದರೆ ದೇವರು ನಿನ್ನ ಬಾಳಿನಲ್ಲಿ ಏನು ಮಾಡಿದ ಅಂತ ಎಲ್ಲರ ಮುಂದೆ ಹೇಳು, ಅಂದಿದ್ದಾರೆ. "ಅಕ್ಕಾರ, ನಾ ಹುಟ್ಟಿದ್ದ ಕ್ರೈಸ್ತರ ಮನ್ಯಾಗ. ಸಂಡೇ ಸ್ಕೂಲು, ಕ್ವಾಯರ್, ದೃಢೀಕರಣ, ಇಷ್ಟ. ಉಳಿದವ್ರು ಕುಡಿತ ಬಿಟ್ಟದ್ದು, ಜೈಲಿಂದ ಬಂದದ್ದು ಹೇಳ್ತಾರ. ನಾ ಏನ್ ಹೇಳ್ಲಿ?" ಅಂತ ಕೇಳಿದ್ದೀಯ. ಪೇಷಂಟ್ ಕೇಳಿದರೆ ಹೇಳಬಹುದಾ, ಕನ್ನಡದವರು ದೂರ ಇಡುತ್ತಾರಾ ಅಂತಲೂ ಕೇಳಿದ್ದೀಯ. ಜೊತೆಗೆ ಚಳಿ, ಬಾಡಿಗೆ, ರೊಟ್ಟಿ.

ಕಡೆಯವನ್ನು ಬೇಗ ಮುಗಿಸುತ್ತೇನೆ. ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಜುವಾರ್ ಅಂತ ಕೇಳು. ನಮ್ಮ ಬಿಳಿಜೋಳದ ರುಚಿ ಇರುವುದಿಲ್ಲ. ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿದರೆ ರೊಟ್ಟಿ ಹರಿಯುವುದಿಲ್ಲ. ಕೋಟು ಒಂದೇ ಇರಲಿ, ಒಳ್ಳೆಯದಿರಲಿ. ಬಾಡಿಗೆ ಕರಾರು ಓದದೆ ಸಹಿ ಹಾಕಬೇಡ. ಮಿಕ್ಕದ್ದು ಒಂದು ಚಳಿಗಾಲ ಕಳೆದರೆ ನಿನಗೇ ತಿಳಿಯುತ್ತದೆ.

ನಾನು ಬಂದದ್ದು 2003ರಲ್ಲಿ. ಆಗ ಹೊರದೇಶದ ನರ್ಸುಗಳಿಗೆ ನಿಮ್ಮ ಹಾಗೆ ಆಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಇರಲಿಲ್ಲ. ಅಡಾಪ್ಟೇಶನ್ ಅಂತ ಕೆಲವು ತಿಂಗಳು ಮೇಲಿನವರ ಕೈಕೆಳಗೆ ದುಡಿದ ಮೇಲೆ ಪಿನ್, ಅಂದರೆ ನರ್ಸಿನ ನೋಂದಣಿ ಸಂಖ್ಯೆ, ಬರುತ್ತಿತ್ತು. ಇಂಗ್ಲೆಂಡ್ ಅಂದರೆ ಓಣಿಗೊಂದು ತುಂಬಿದ ಚರ್ಚ್ ಅಂತ ನಂಬಿಕೊಂಡು ವಿಮಾನ ಹತ್ತಿದವಳು ನಾನು. ಮೊದಲ ಭಾನುವಾರ ಹೋದ ಕಲ್ಲಿನ ದೊಡ್ಡ ಚರ್ಚಿನಲ್ಲಿ ಬೆಳ್ಳಗೂದಲಿನ ಹತ್ತೆಂಟು ಜನ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಹಾಡು ಮುಗಿದ ಮೇಲೆ ಚಹಾ, ಬಿಸ್ಕಿಟ್, ಹವಾಮಾನದ ಮಾತು. ದೇವರ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ಇಲ್ಲಿನವರಿಗೆ ನಂಬಿಕೆ ಸಂಬಳದ ಹಾಗೆ ಸ್ವಂತದ ವಿಷಯ, ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರು ಅಂದವರು 46.2%, ಯಾವ ಧರ್ಮವೂ ಇಲ್ಲ ಅಂದವರು 37.2%. ನಿನ್ನ ಎದುರು ಕೂರುವವರಲ್ಲಿ ಅತಿಥಿಗಳೂ ಇರುತ್ತಾರೆ, ಸತ್ಯವೇದ, ಅಂದರೆ ಬೈಬಲ್, ತೆರೆದೇ ನೋಡದವರೂ ಇರುತ್ತಾರೆ. ಊರಿನ ಪ್ರಾರ್ಥನೆ ಕೂಟದಲ್ಲಿ "ಕರ್ತನ ನಾಮಕ್ಕೆ ಸ್ತೋತ್ರ" ಅಂತ ಶುರು ಮಾಡಿ ಅರ್ಧ ತಾಸು ಹೇಳಿದರೂ ನಮ್ಮವರು ಕಣ್ಣೊರೆಸಿಕೊಂಡು ಕೇಳುತ್ತಾರೆ. ಇಲ್ಲಿ ಐದು ನಿಮಿಷ ಅಂದರೆ ಐದೇ ನಿಮಿಷ. ಬರೆದುಕೊಂಡು ಹೋಗು.

ಇನ್ನೊಂದು ಮಾತು, ನಿನಗೆ ಹೆಮ್ಮೆಯಾಗಲಿ ಅಂತ ಹೇಳುತ್ತೇನೆ. ನೀನು ಈಗಿರುವ ಈ ಊರಿನ ಹಾರ್ವಿ ಲೇನ್ ಸಭೆಯಲ್ಲಿ ವಿಲಿಯಂ ಕೇರಿ 1789ರಿಂದ ಪಾಲಕರಾಗಿದ್ದರು. ಚಪ್ಪಲಿ ಹೊಲಿಯುವ ಕೆಲಸ ಕಲಿತಿದ್ದ ಮನುಷ್ಯ, ಮುಂದೆ ಮಿಷನರಿಯಾದರು. ಇಲ್ಲಿಂದಲೇ 1793ರಲ್ಲಿ ಹಡಗು ಹತ್ತಿ ಬಂಗಾಳಕ್ಕೆ ಹೋದರು. ನಮ್ಮ ಬೆಳಗಾವಿಗೆ ಲಂಡನ್ ಮಿಷನ್ನಿನವರು ಬಂದದ್ದು 1820ರಲ್ಲಿ, ನಿಮ್ಮ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ನಿನವರು 1851ರಲ್ಲಿ. ಅಲ್ಲಿಂದ ಒಬ್ಬ ಹುಡುಗಿ ಬಂದು ಕೇರಿಯ ಊರಿನಲ್ಲಿ ನಿಂತು ದೇವರು ನನಗೆ ಏನು ಮಾಡಿದ ಅಂತ ಹೇಳುತ್ತಾಳೆ ಅಂದರೆ ಅದು ಸಣ್ಣ ಮಾತಲ್ಲ. ನನಗಂತೂ ಅದನ್ನು ನೆನೆದರೆ ಎದೆ ತುಂಬುತ್ತದೆ.

ಹೇಳಲು ಏನೂ ಇಲ್ಲ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿನ್ನ ಅಜ್ಜಿ ಖಣ ನೇಯುತ್ತ ಸತ್ಯವೇದದ ಕೀರ್ತನೆಗಳನ್ನು ಬಾಯಿಪಾಠ ಹೇಳಿಕೊಟ್ಟರು ಅಂತ ನೀನೇ ಬರೆದಿದ್ದೀಯ. ಸತ್ಯವೇದದಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಅವನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು ಅಂತ ನೆನಪಿಸುತ್ತಾನೆ. ಅವನಿಗೆ ಅದೇನು ಕಡಿಮೆ ಅನ್ನಿಸಲಿಲ್ಲ. ಇನ್ನೊಂದನ್ನೂ ಬರೆದಿದ್ದೀಯ, ಬೇರೆ ಯಾವುದೋ ಸಂಗತಿ ಹೇಳುವಾಗ ಅರ್ಧ ಸಾಲಿನಲ್ಲಿ. ಮೊದಲ ನೈಟ್ ಡ್ಯೂಟಿಯಲ್ಲಿ ನಿನ್ನ ಪೇಷಂಟ್ ತೀರಿಕೊಂಡರು. ನೀನು ಸ್ಲೂಸ್ ರೂಮಿಗೆ, ಅಂದರೆ ಬೆಡ್‌ಪ್ಯಾನ್ ತೊಳೆಯುವ ಕೋಣೆಗೆ, ಹೋಗಿ, ಏಪ್ರನ್ ಕೂಡ ಬಿಚ್ಚದೆ, ಗೋಡೆಗೆ ಒರಗಿ "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಅಂತ ಹೇಳಿಕೊಂಡೆ. ಅಲ್ಲಿಯವರೆಗೆ ಅದು ಅಜ್ಜಿಯ ಕೀರ್ತನೆಯಾಗಿತ್ತು, ಅವತ್ತು ನಿನ್ನದಾಯಿತು. ಆಮೇಲೆ ಹೊರಗೆ ಬಂದು ಅವರ ಮಗಳಿಗೆ ಫೋನ್ ಮಾಡುವ ಧೈರ್ಯ ಬಂತು. ತಂಗಿ, ನಿನ್ನ ಸಾಕ್ಷಿ ಅದು. ಅಜ್ಜಿ, ಮಗ್ಗ, ಸ್ಲೂಸ್ ರೂಮು, ಆ ಫೋನು. ಐದು ನಿಮಿಷಕ್ಕೆ ಬೇಕಾದಷ್ಟಾಯಿತು. ಪೇಷಂಟ್ ಹೆಸರು, ವಾರ್ಡು, ಕಾಯಿಲೆ ಯಾವುದನ್ನೂ ಬಾಯಿ ಬಿಡಬೇಡ, ಅಷ್ಟೆ. ಇಲ್ಲದ್ದನ್ನು ಸೇರಿಸಬೇಡ. ಕುಡಿತ ಬಿಟ್ಟವರದು ಅವರಿಗೆ ದೇವರು ಮಾಡಿದ್ದು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನನ್ನು ಫರಿಸಾಯರು, ಅಂದರೆ ಆ ಕಾಲದ ಯೆಹೂದ್ಯ ಧರ್ಮದ ಮುಖಂಡರು, ಎಷ್ಟು ಕಾಡಿದರೂ ಅವನು ತನಗೆ ಗೊತ್ತಿದ್ದಷ್ಟೇ ಹೇಳಿದ: ಕುರುಡನಾಗಿದ್ದೆ, ಈಗ ಕಾಣುತ್ತದೆ.

ಈಗ ನಾನು ನಿಜವಾಗಿ ಹೇಳಬೇಕಾದದ್ದು.

ನನ್ನದು ನಿನ್ನಂಥ ಮನೆಯಲ್ಲ. ಬೈಲಹೊಂಗಲ ಕಡೆಯ ಹಳ್ಳಿ, ಒಕ್ಕಲುತನ. ಅವ್ವ ಸವದತ್ತಿ ಯಲ್ಲಮ್ಮನಿಗೆ ನಡೆದುಕೊಳ್ಳುವವಳು. ಬನದ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಗುಡ್ಡಕ್ಕೆ ಹೋಗುವುದು, ಪಡ್ಲಗಿ ತುಂಬಿಸುವುದು ಒಂದು ವರ್ಷವೂ ತಪ್ಪುತ್ತಿರಲಿಲ್ಲ. ನಾನು ಬೆಳಗಾವಿಯಲ್ಲಿ ನರ್ಸಿಂಗ್ ಓದುವಾಗ ಟೈಫಾಯ್ಡ್ ಬಂದು ಹಾಸ್ಟೆಲಿನಲ್ಲಿ ಮಲಗಿದೆ. ರೂಮಿನಲ್ಲಿ ಜೊತೆಗಿದ್ದವಳು ಮೆಥಡಿಸ್ಟ್ ಸಭೆಯ ಹುಡುಗಿ. ನನ್ನ ಬಟ್ಟೆ ಒಗೆದಳು, ಗಂಜಿ ಕುಡಿಸಿದಳು, ನನಗೆ ನಿದ್ದೆ ಹತ್ತಿದೆ ಅಂದುಕೊಂಡು ರಾತ್ರಿ ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದಳು. ನನಗೆ ಎಚ್ಚರವಿರುತ್ತಿತ್ತು. ಸಭೆಗೆ ಬಾ ಅಂತ ಅವಳು ಅಪ್ಪಿತಪ್ಪಿಯೂ ಅನ್ನಲಿಲ್ಲ. ಯಾರನ್ನು ಕರೆಯುತ್ತೀ ಅಂತ ಕೇಳಿದವಳು ನಾನೇ. ಅವ್ವನೂ ಬಸ್ಸು ಹಿಡಿದು ಬಂದಿದ್ದಳು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದ ಭಂಡಾರವನ್ನು ನನ್ನ ಹಣೆಗೆ ಹಚ್ಚಿ, ಅಂಗೈ ನನ್ನ ಹೊಟ್ಟೆಯ ಮೇಲಿಟ್ಟು ಕೂತಳು. ಮಂಚದ ಈ ಕಡೆ ಅವ್ವ, ಆ ಕಡೆ ಆ ಹುಡುಗಿ. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ನಾನು ಯೇಸುವನ್ನು ನಂಬಲು ದಾರಿಯಾದದ್ದು ಆ ಕೋಣೆ. ಮುಂದೆ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಅಂದಾಗ ಅಪ್ಪ ಮಾತು ಬಿಟ್ಟ. ಅವ್ವ ಬಿಡಲಿಲ್ಲ. "ನಿನಗ ಛಲೋ ಆದ್ರ ಸಾಕು" ಅಂದಳು.

ಇಲ್ಲಿಗೆ ಬಂದ ಕೆಲವು ವರ್ಷಕ್ಕೆ ನಾನು ಆಗ ಹೋಗುತ್ತಿದ್ದ ಒಂದು ಸಭೆಯಲ್ಲಿ ಇದನ್ನೆಲ್ಲ ಹೇಳಿದೆ, ಅವ್ವನನ್ನು ಸೇರಿಸಿಯೇ. ಅವರು ವಿಡಿಯೋ ಮಾಡಿಕೊಂಡಿದ್ದರು. ನನ್ನನ್ನು ಕೇಳದೆ ಕತ್ತರಿಸಿ, ಅವ್ವನ ಭಾಗ ಪೂರ್ತಿ ತೆಗೆದು, ಅಪ್ಪ ಮಾತು ಬಿಟ್ಟದ್ದನ್ನು ಮಾತ್ರ ಉಳಿಸಿಕೊಂಡು, ಮೇಲೆ ಕತ್ತಲೆಯಿಂದ ಬೆಳಕಿಗೆ ಅನ್ನುವಂಥ ತಲೆಬರಹ ಕೊಟ್ಟು ಯೂಟ್ಯೂಬಿಗೆ ಹಾಕಿದರು. ನಮ್ಮ ಅಣ್ಣನ ಮಗ ಅದನ್ನು ಫೋನಿನಲ್ಲಿ ಹಾಕಿ, ಕನ್ನಡದಲ್ಲಿ ಬಿಡಿಸಿ ಅವ್ವನಿಗೆ ಹೇಳಿದ. ಆ ವಾರ ಫೋನಿನಲ್ಲಿ ಅವ್ವ ಒಂದೇ ಮಾತು ಕೇಳಿದಳು: "ನಾ ನಿನ್ನ ಕತ್ತಲದಾಗ ಇಟ್ಟಿದ್ನೇನು?"

ನಾನು ಏನೇನು ಹೇಳಿದ್ದೆ, ಅವರು ಏನೇನು ತೆಗೆದರು ಅಂತ ವಿವರಿಸಿದೆ. ಭಂಡಾರದ ಮಾತು, ಅಂಗೈಯ ಮಾತು, ಒಂದೇ ತಾಟಿನ ಮಾತು. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ಅದನ್ಯಾಕ ತಗದ್ರು?" ಅಂದಳು. ಸಭೆಯವರಿಗೆ ಬರೆದು ಬರೆದು ವಿಡಿಯೋ ತೆಗೆಸಿದೆ. ಅಷ್ಟರಲ್ಲಿ ಊರೆಲ್ಲ ನೋಡಿ ಆಗಿತ್ತು. ಸೋದರಮಾವ ನಮ್ಮ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ. ಈಗಲೂ ಅವ್ವ ವಾರಕ್ಕೊಮ್ಮೆ ತಪ್ಪದೆ ಮಾತಾಡುತ್ತಾಳೆ, ಮಳೆ, ಹಿಂಗಾರಿ ಜೋಳ, ಎಮ್ಮೆ ಕರು, ಎಲ್ಲ ಹೇಳುತ್ತಾಳೆ. ನನ್ನ ದೇವರ ವಿಷಯ ಮಾತ್ರ ಎತ್ತುವುದಿಲ್ಲ. ಮೊದಲು ಎತ್ತುತ್ತಿದ್ದಳು, "ನಿಮ್ಮ ಯೇಸುಸ್ವಾಮಿಗಿ ನನ್ನ ಮೊಣಕಾಲ ನೋವು ಹೇಳು" ಅನ್ನುತ್ತಿದ್ದಳು. ಆ ಮಾತು ನಿಂತುಹೋದದ್ದು ನನಗೆ ಇವತ್ತಿಗೂ ನೋವು. ಯೇಸು ದೆವ್ವ ಬಿಡಿಸಿದ ಮನುಷ್ಯನಿಗೆ, ನಿನ್ನ ಮನೆಗೆ ಹೋಗಿ ನಿನ್ನವರಿಗೆ ಹೇಳು ಅಂದ, ಮಾರ್ಕನ 5ನೇ ಅಧ್ಯಾಯದಲ್ಲಿದೆ. ನನ್ನವರಿಗೆ ನಾನು ಹೇಳಬೇಕಾದದ್ದನ್ನು ನನಗಿಂತ ಮೊದಲು ಬೇರೆ ಯಾರೋ ಕತ್ತರಿಸಿ ಹೇಳಿಬಿಟ್ಟರು.

ಅದಕ್ಕೇ ನಿನಗೆ ಹೇಳುತ್ತೇನೆ. ನಿನ್ನ ಸಾಕ್ಷಿಯಲ್ಲಿ ಯಾರ್ಯಾರು ಬರುತ್ತಾರೋ ಅವರಿಗೂ ಅದರಲ್ಲಿ ಪಾಲಿದೆ. ನಿಮ್ಮದು ಕ್ರೈಸ್ತ ಮನೆ, ನನ್ನಂಥ ತೊಡಕಿಲ್ಲ ನಿಜ. ಆದರೆ ಅಪ್ಪಾಜಿಯ ಸಾಲ, ಅಣ್ಣ ಸಭೆ ಬಿಟ್ಟದ್ದು, ನಿನ್ನ ಮುರಿದ ನಿಶ್ಚಯ, ಇವನ್ನೆಲ್ಲ ನನಗೆ ಬರೆದೆಯಲ್ಲ, ಅವು ಪರದೇಶದ ವೇದಿಕೆಯ ಮೇಲೆ ಬರಬೇಕೋ ಬೇಡವೋ ಅನ್ನುವುದನ್ನು ಅವರನ್ನು ಕೇಳಿ ತೀರ್ಮಾನಿಸು. ಬರೆದದ್ದನ್ನು ಮೊದಲು ನಿಮ್ಮ ಅವ್ವನಿಗೆ ಫೋನಿನಲ್ಲಿ ಕನ್ನಡದಲ್ಲಿ ಓದಿ ಹೇಳು. ಒಂದು ಸಾಲು ಬೇಡ ಅಂದರೆ ತೆಗೆ. "ವಿಡಿಯೋ ಮಾಡುವುದಾದರೆ ನನಗೆ ತೋರಿಸಿ ಒಪ್ಪಿಗೆ ಪಡೆದ ಮೇಲೇ ಹಾಕಬೇಕು" ಅಂತ ಸಭೆಯವರಿಗೆ ಇಮೇಲ್ ಬರೆದಿಡು. ಬಾಯಿಮಾತು ಸಾಲದು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ತಡೆಯುವ ಕಾನೂನು ಬಂದ ಮೇಲಂತೂ ಊರಲ್ಲಿ ಯಾವ ವಿಡಿಯೋ ಯಾರ ಕೈಯಲ್ಲಿ ಏನಾಗುತ್ತದೆ ಅನ್ನುವ ಅಂಜಿಕೆ ಎಲ್ಲರಿಗೂ ಇದೆ. ನೀನು ಇಲ್ಲಿ ಸುರಕ್ಷಿತವಾಗಿರುತ್ತೀ. ಓಣಿಯಲ್ಲಿ ಉತ್ತರ ಹೇಳುವವರು ನಿನ್ನ ಮನೆಯವರು.

ಕೆಲಸದ ಜಾಗದ ವಿಷಯ. ಇಲ್ಲಿ ನಂಬಿಕೆ ಇಟ್ಟುಕೊಳ್ಳುವ ಹಕ್ಕಿಗೆ 2010ರ ಈಕ್ವಾಲಿಟಿ ಆಕ್ಟ್ ರಕ್ಷಣೆ ಇದೆ. ಆದರೆ ನಮ್ಮ ಎನ್‌ಎಂಸಿ, ಅಂದರೆ ನರ್ಸುಗಳ ನಿಯಂತ್ರಣ ಮಂಡಳಿಯ, ಕೋಡಿನಲ್ಲಿ, ಸ್ವಂತ ಧಾರ್ಮಿಕ ನಂಬಿಕೆಗಳನ್ನು ಜನರ ಮುಂದೆ ಅನುಚಿತವಾಗಿ ವ್ಯಕ್ತಪಡಿಸಬಾರದು ಅಂತ ಸ್ಪಷ್ಟವಾಗಿದೆ. ಪೇಷಂಟುಗಳ ಹತ್ತಿರ ಧರ್ಮದ ಮಾತು ತೆಗೆದದ್ದಕ್ಕೆ ನರ್ಸ್ ಒಬ್ಬರು 2016ರಲ್ಲಿ ಕೆಲಸ ಕಳೆದುಕೊಂಡರು, 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಲ್ಲಲಿಲ್ಲ. ನಿನ್ನ ವೀಸಾ ನಿನ್ನ ಕೆಲಸಕ್ಕೆ ಕಟ್ಟಿದೆ. ಅದು ಹೋದರೆ ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ, ಅಷ್ಟೇ. ಹಾಸಿಗೆಯಲ್ಲಿ ಮಲಗಿದವರು ಎದ್ದು ಹೋಗಲಾರರು, ನಿನ್ನ ಕೈಯಿಂದಲೇ ಔಷಧಿ ತೆಗೆದುಕೊಳ್ಳಬೇಕು. ಅವರ ಮುಂದೆ ನೀನಾಗಿ ಮಾತು ತೆಗೆಯುವುದು ನ್ಯಾಯವೂ ಅಲ್ಲ. ಅವರೇ ಕೇಳಿದರೆ "ಹೌದು, ನಾನು ಕ್ರೈಸ್ತಳು, ಪ್ರಾರ್ಥನೆಯಿಂದ ನನಗೆ ಬಲ ಬರುತ್ತದೆ" ಅಂತ ಒಂದು ಮಾತು ಹೇಳಿ, "ನಿಮಗೆ ಯಾವುದರಿಂದ ಸಮಾಧಾನ ಸಿಗುತ್ತದೆ?" ಅಂತ ಅವರನ್ನು ಕೇಳು. ಪ್ರಾರ್ಥನೆ ಬೇಕು ಅಂದರೆ ಆಸ್ಪತ್ರೆಯ ಧರ್ಮಗುರು ಚಾಪ್ಲೇನ್‌ಗೆ ಬ್ಲೀಪ್ ಮಾಡಿ, ಅಂದರೆ ಪೇಜರಿನಲ್ಲಿ ಕರೆದು, ನೋಟ್ಸಿನಲ್ಲಿ ಬರೆ. ಬ್ರೇಕ್ ರೂಮಿನಲ್ಲಿ ಜೊತೆಯವರು ಕೇಳಿದರೆ ಹೇಳು, ಅದಕ್ಕೆ ಅಂಜಬೇಡ. ಪೇತ್ರನೂ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅಂದು, ಅದು ಸಾತ್ವಿಕವಾಗಿರಲಿ ಅನ್ನುವುದನ್ನೂ ಸೇರಿಸಿದ್ದಾನೆ.

ಕನ್ನಡದವರ ವಿಷಯಕ್ಕೆ ನೀನು ಅಂಜುವಷ್ಟೇನೂ ಇಲ್ಲ. ಯುಗಾದಿಗೆ ಹೋಗು, ಬೇವುಬೆಲ್ಲ ತಿನ್ನಬೇಕೋ ಬೇಡವೋ ನಿನ್ನ ಮನಸ್ಸಿಗೆ ಬಿಟ್ಟದ್ದು, ನಾನು ತಿನ್ನುತ್ತೇನೆ. ಮಕ್ಕಳ ಹಾಡಿಗೆ ಚಪ್ಪಾಳೆ ತಟ್ಟು, ಪಾತ್ರೆ ತೊಳೆಯಲು ನಿಲ್ಲು. ಲಂಡನ್ನಿಗೆ ಹೋದಾಗ ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿಯ ಮುಂದೆ ಅವರ ಜೊತೆಗೇ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ, ಕೂಡಲಸಂಗಮದ ಜಿಲ್ಲೆಯವಳು ನೀನೂ ತೆಗೆಸಿಕೊ. ನನ್ನ ಗಂಡನ ಆಪರೇಶನ್ ಆದಾಗ ಹದಿನೈದು ದಿನ ಊಟ ತಂದುಕೊಟ್ಟವರು ಧಾರವಾಡದ ಒಬ್ಬ ಆಚಾರ್ಯರ ಮನೆಯವರು. ಅವರು ಒಂದು ಸಂಜೆ ತಾವಾಗಿಯೇ "ನೀವು ಹೆಂಗ ಈ ಕಡೆ ಬಂದ್ರಿ?" ಅಂತ ಕೇಳಿದರು. ಹಾಸ್ಟೆಲಿನ ಕೋಣೆಯ ಕಥೆಯನ್ನು ಪೂರ್ತಿ ಹೇಳಿದೆ, ಅವ್ವನನ್ನು ಬಿಡದೆ. ಅವರೂ ತಮ್ಮ ರಾಯರ ಮಾತು ಹೇಳಿದರು. ಯಾರೂ ಯಾರನ್ನೂ ಗೆಲ್ಲಲಿಲ್ಲ, ಚಹಾ ಎರಡು ಸಲ ಆಯಿತು.

ನೀನು ಬರೆದದ್ದನ್ನು ನನಗೂ ಕಳಿಸು, ಇಂಗ್ಲಿಷ್ ತಿದ್ದಿಕೊಡುತ್ತೇನೆ. ಕೀರ್ತನೆಯ ಆ ಸಾಲನ್ನು ಮಾತ್ರ ಕನ್ನಡದಲ್ಲೇ ಹೇಳು, ಆಮೇಲೆ ಅರ್ಥ ಹೇಳಿದರಾಯಿತು. ಮತ್ತೆ, ಆ ಭಾನುವಾರ ನಿನಗೆ ಲಾಂಗ್ ಡೇ, ಅಂದರೆ ಇಡೀ ದಿನದ ಶಿಫ್ಟು, ಬಿದ್ದಿದೆಯೋ ಏನೋ ರೋಸ್ಟರ್ ಇವತ್ತೇ ನೋಡು. ಕೊನೆಯ ವಾರದಲ್ಲಿ ಕೇಳಿದರೆ ಇಲ್ಲಿ ಯಾರೂ ಶಿಫ್ಟು ಬದಲಿಸಿಕೊಡುವುದಿಲ್ಲ.