ದೇವರನ್ನ ನಂಬೋರ ಕೈ ದೊಡ್ಡದಾ?

ದೈವಭಕ್ತಿ ಇರೋರು ಇಲ್ಲದೇ ಇರೋರಿಗಿಂತ ಜಾಸ್ತಿ ದಾನಧರ್ಮ ಮಾಡ್ತಾರಾ ಅಂತ ಕೇಳಿದೀರ. ಒಟ್ಟಾರೆ ನೋಡಿದ್ರೆ ಜಾಸ್ತಿ ಕೊಡ್ತಾರೆ, ಒಪ್ತೀನಿ. ಆದ್ರೆ ಅದಕ್ಕೆ ಕಾರಣ ಮನಸ್ಸೊಳಗಿನ ನಂಬಿಕೆ ಅಂತ ನನಗೆ ಅನ್ಸಲ್ಲ. ಬಾಗಿಲಿಗೆ ಬಂದು ಕೇಳೋರು ಇರ್ತಾರೆ, ಕೊಡೋಕೆ ಅಂತ ಒಂದು ಕಾಲ ಇರುತ್ತೆ, ಪಕ್ಕದ್ಮನೆಯೋರೂ ಕೊಡ್ತಿರ್ತಾರೆ, ಕೊಡಿಸೋದು ಇದು.

ನಾನು ತುಮಕೂರು ಕಡೆಯವನು. ನಮ್ ಕಡೆ ಸುಗ್ಗಿ ಮುಗಿದ ಮೇಲೆ ಸಿದ್ಧಗಂಗಾ ಮಠಕ್ಕೆ ಅಂತ ರಾಗಿನೋ ಅಕ್ಕಿನೋ ತೆಂಗಿನಕಾಯಿನೋ ಎತ್ತಿಡೋ ಮನೆಗಳು ಬೇಕಾದಷ್ಟಿವೆ. ಶಿವಕುಮಾರ ಸ್ವಾಮೀಜಿಯವರು (2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ) ಮಠಕ್ಕೆ ಕಷ್ಟ ಇದ್ದ ಕಾಲದಲ್ಲಿ ತಾವೇ ಹಳ್ಳಿ ಹಳ್ಳಿ ತಿರುಗಿ ಧಾನ್ಯ ಕೇಳಿ ತರ್ತಿದ್ರು ಅಂತ ಹಿರಿಯರು ಈಗ್ಲೂ ಹೇಳ್ತಾರೆ. ಅವರು ಕೇಳಿದ್ರು, ಜನ ಕೊಟ್ರು, ಬರ್ತಾ ಬರ್ತಾ ಕೇಳದೇ ಇದ್ರೂ ಕೊಡೋದು ಮನೆತನದ ರೂಢಿ ಆಯ್ತು. ಆ ರೂಢಿಯಿಂದ ಸುಮಾರು 10,000 ಮಕ್ಕಳು ಜಾತಿ ಧರ್ಮ ಅನ್ನದೆ ಅಲ್ಲಿ ಉಂಡು, ಇದ್ದು, ಓದ್ಕೊಂಡು ಬರ್ತಿದಾರೆ, ಇದು ಸಣ್ಣ ಮಾತಲ್ಲ.

ಈಗ ಇನ್ನೊಂದು ನೋಡಿ. ಪ್ರತಿ ವರ್ಷ ಮೂಟೆ ಮೂಟೆ ರಾಗಿ ಕಳಿಸೋ ಯಜಮಾನ್ರೇ ತೋಟದ ಕೆಲಸಕ್ಕೆ ಬಂದ ಹೆಣ್ಣಾಳು 50 ರೂಪಾಯಿ ಕೂಲಿ ಜಾಸ್ತಿ ಕೇಳಿದ್ರೆ ಚೌಕಾಸಿ ಮಾಡ್ತಾರೆ. ಬೂಟಾಟಿಕೆ ಅಂತ ನಾನು ಅನ್ನಲ್ಲ, ರಾಗಿ ಕಳಿಸುವಾಗ ಅವರ ಭಕ್ತಿ ಖಂಡಿತ ನಿಜ. ಮಠಕ್ಕೆ ಕೊಡೋಕೆ ಅಪ್ಪ ತಾತ ದಾರಿ ಹಾಕಿಟ್ಟಿದಾರೆ, ಕೂಲಿ ವಿಷ್ಯದಲ್ಲಿ ಅಂಥ ದಾರಿ ಯಾರೂ ಹಾಕಿಲ್ಲ, ಅಷ್ಟೇ. ಮುಸ್ಲಿಮರ ಝಕಾತ್ ಅನ್ನೋ ಕಡ್ಡಾಯ ದಾನ ತಗೊಳ್ಳಿ, ಒಂದು ವರ್ಷ ಕೈಲಿ ಉಳಿದ ಹಣ, ಚಿನ್ನ ಇವುಗಳ ಮೇಲೆ 2.5% ಅಂತ ಲೆಕ್ಕಾನೇ ಇದೆ, ಬಹಳಷ್ಟು ಜನ ರಂಜಾನ್‌ನಲ್ಲೇ ಲೆಕ್ಕ ಹಾಕಿ ಕೊಟ್ಟುಬಿಡ್ತಾರೆ, ಎಷ್ಟು ಕೊಡ್ಲಿ ಯಾವಾಗ ಕೊಡ್ಲಿ ಅಂತ ಒದ್ದಾಡೋ ಹಾಗೇ ಇಲ್ಲ.

ಅಮೆರಿಕದಲ್ಲಿ ರಾಬರ್ಟ್ ಪಟ್ನಮ್, ಡೇವಿಡ್ ಕ್ಯಾಂಬೆಲ್ ಅನ್ನೋ ಇಬ್ರು ಪ್ರೊಫೆಸರ್‌ಗಳು ದೊಡ್ಡ ಸರ್ವೆ ಮಾಡಿದ್ರು, 2010ರಲ್ಲಿ ಅದು ಪ್ರಕಟ ಆಯ್ತು. ವಾರ ವಾರ ಚರ್ಚಿಗೆ ಹೋಗೋರು ಚರ್ಚಿಗೆ ಸಂಬಂಧ ಇಲ್ಲದ ಕೆಲಸಗಳಿಗೂ ಜಾಸ್ತಿ ಕೊಡ್ತಾರೆ ಅಂತ ಸಿಕ್ತು. ಆದ್ರೆ ಸ್ವರ್ಗ ನರಕ ಎಷ್ಟು ನಂಬ್ತೀರ ಅನ್ನೋದಕ್ಕೂ ಕೊಡೋದಕ್ಕೂ ಸಂಬಂಧ ಕಾಣ್ಲಿಲ್ಲ, ಚರ್ಚಲ್ಲಿ ಎಷ್ಟು ಜನ ಫ್ರೆಂಡ್ಸ್ ಇದಾರೆ ಅನ್ನೋದಕ್ಕೆ ಕಾಣ್ತು. ಹೆಂಡತಿ ಜೊತೆ ಚರ್ಚಿಗೆ ಹೋಗಿ ಅಲ್ಲಿನವರ ಜೊತೆ ಬೆರೆತ ನಾಸ್ತಿಕ, ಒಬ್ಬನೇ ಕೂತು ಪ್ರಾರ್ಥನೆ ಮಾಡೋ ಪರಮ ಭಕ್ತನಿಗಿಂತ ಮುಂದೆ ಬಂದು ಸೇವೆ ಕೆಲಸ ಮಾಡೋ ಸಾಧ್ಯತೆ ಹೆಚ್ಚು ಅಂತ ಅವರೇ ಹೇಳ್ತಾರೆ. 1973ರ ಇನ್ನೊಂದು ಪ್ರಯೋಗ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿ ಆಗೋಕೆ ಓದ್ತಿದ್ದ ಹುಡುಗರ ಮೇಲೆ ಮಾಡಿದ್ದು, ದಾರೀಲಿ ಒಬ್ಬ ಕುಸಿದು ಕೂತು ಕೆಮ್ತಾ ನರಳ್ತಿರೋ ಹಾಗೆ ಕೂರ್ಸಿದ್ರು. ಟೈಮ್ ಇದ್ದೋರಲ್ಲಿ 63% ನಿಂತು ವಿಚಾರಿಸಿದ್ರು, ಲೇಟಾಯ್ತು ಬೇಗ ಹೋಗಿ ಅಂತ ಅವಸರ ಮಾಡಿಸಿದೋರಲ್ಲಿ ಬರೀ 10%. ಎಲ್ರೂ ಪಾದ್ರಿ ಆಗೋಕೆ ಹೊರಟೋರೇ, ವ್ಯತ್ಯಾಸ ಮಾಡಿದ್ದು ಅವಸರ.

ನನ್ನ ಅನುಭವಾನೂ ಇದೇ. ನಾವೊಂದಷ್ಟು ಜನ ಜೂನ್ ಬಂದ್ರೆ ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್ ಕೊಡ್ಸೋಕೆ ದುಡ್ಡು ಎತ್ತುತ್ತೀವಿ. ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಬರೋದು ಕಮ್ಮಿ, ಮನೆಗೆ ಹೋಗಿ ಕೂತು ಇಷ್ಟು ಮಕ್ಕಳಿದಾರೆ ಇಷ್ಟು ಬೇಕು ಅಂತ ಕೇಳಿದ್ರೆ ದಿನಾ ಪೂಜೆ ಮಾಡೋರೂ ಕೊಡ್ತಾರೆ, ದೇವ್ರು ಗೀವ್ರು ಇಲ್ಲ ಅನ್ನೋರೂ ಕೊಡ್ತಾರೆ. ನಾಸ್ತಿಕರಿಗೆ ಇರೋ ತೊಂದ್ರೆ ಅವರನ್ನ ಯಾರೂ ಹೋಗಿ ಕೇಳಲ್ಲ ಅನ್ನೋದು.

ಅಂದಹಾಗೆ, ಭಕ್ತರ ಮನೆ ಮಕ್ಕಳೇ ಕಮ್ಮಿ ಹಂಚ್ಕೋತಾರೆ ಅಂತ 2015ರ ಒಂದು ಸ್ಟಡಿನ ಯಾರಾದ್ರೂ ತೋರಿಸಿದ್ರೆ ನಂಬ್ಬೇಡಿ. ಆರು ದೇಶದ ಮಕ್ಕಳ ಡೇಟಾದಲ್ಲಿ ದೇಶಗಳಿಗೆ ಗುರುತಿಗೆ ಅಂತ ಕೊಟ್ಟ ನಂಬರನ್ನೇ ಅಳತೆ ಅನ್ನೋ ಹಾಗೆ ಲೆಕ್ಕಕ್ಕೆ ಸೇರಿಸ್ಬಿಟ್ಟಿದ್ರು, 2019ರಲ್ಲಿ ಆ ಪೇಪರನ್ನ ವಾಪಸ್ ತಗೊಂಡಾಯ್ತು.