ಮಧುಗಿರಿಯ ತಂಗಿಗೆ: ಕೊನೇ ವರ್ಷದ ಪ್ರಾಜೆಕ್ಟ್ ಯಾವ ಕಡೆ ಅಂತ ಈಗಲೇ ನೋಡು

ತಂಗೀ, ನಿನ್ನ ಪ್ರಶ್ನೆ ಓದಿದೆ. ಮಧುಗಿರಿಯಲ್ಲಿ ಪಿಯುಸಿ ಮುಗಿಸಿದ್ದೀಯ, ಇಂಗ್ಲೆಂಡಿನಲ್ಲಿ ಹ್ಯೂಮನ್ ಬಯಾಲಜಿ ಮತ್ತು ಸೈಕಾಲಜಿ ಸೇರಿದ ಜಾಯಿಂಟ್ ಆನರ್ಸ್ ಸೀಟು ಸಿಕ್ಕಿದೆ. ಎರಡನ್ನೂ ಒಟ್ಟಿಗೆ ಓದೋಕೆ ಆಗುತ್ತಾ, ಮುಂದೆ ಡಾಕ್ಟರ್ ಆಗಬಹುದಾ, ಊಟ, ಚಳಿ, ಕೆಲಸ ಹೇಗೆ ಅಂತ ಕೇಳಿದ್ದೀಯ. ನಾನು ಪಾವಗಡದಿಂದ ಬಂದು ಇದೇ ಜೋಡಿ ಓದಿದವಳು. ಬಂದ ಮೊದಲ ವಾರ ಎರಡು ಡಿಪಾರ್ಟ್‌ಮೆಂಟಿನಿಂದ ಎರಡು ಟೈಮ್‌ಟೇಬಲ್ ಕೈಗೆ ಬಂದಿತ್ತು. ಅವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ನನ್ನ ಬಿಟ್ಟು ಇನ್ಯಾರೂ ಇಲ್ಲ ಅನ್ನೋದು ಆವತ್ತೇ ಅರ್ಥವಾಯಿತು.

ಊಟ, ಚಳಿ ಮೊದಲು ಮುಗಿಸಿಬಿಡ್ತೀನಿ. ರಾಗಿ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತೆ. ಮುದ್ದೆ ಕೋಲು ಸಿಗಲ್ಲ, ತಗೊಂಡು ಬಾ. ಅಲ್ಯೂಮಿನಿಯಂ ಪಾತ್ರೆ ಹೊತ್ತುಕೊಂಡು ಬರಬೇಡ, ಇಂಡಕ್ಷನ್ ಒಲೆ ಇದ್ದರೆ ಅದು ಕಾಯೋದೇ ಇಲ್ಲ. ಕೋಟು ಇಲ್ಲೇ ಕೊಳ್ಳೋದು ಒಳ್ಳೇದು. ಕೆಲಸ: ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿ ಓದುವವರಿಗೆ ತರಗತಿ ನಡೆಯೋ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅದರ ಮೇಲೆ ಒಂದು ಗಂಟೆಯೂ ಬೇಡ.

ಓದಿನ ಲೆಕ್ಕ ಹೀಗಿದೆ. ಮೂರು ವರ್ಷದ ಆನರ್ಸ್ ಡಿಗ್ರಿಗೆ 360 ಕ್ರೆಡಿಟ್, ವರ್ಷಕ್ಕೆ 120. ಸಮ ಪಾಲಿನ ಜೋಡಿಯಾದರೆ ಒಂದೊಂದು ಕಡೆ 60. ಒಂದು ಕ್ರೆಡಿಟ್ ಅಂದರೆ 10 ಗಂಟೆ ಓದು ಅಂತ ಲೆಕ್ಕ. 20 ಕ್ರೆಡಿಟ್‌ನ ಒಂದು ಮಾಡ್ಯೂಲಿಗೆ 200 ಗಂಟೆ. ತರಗತಿ ಅದರಲ್ಲಿ ಸಣ್ಣ ಪಾಲು, ಉಳಿದದ್ದು ನೀನೇ ಕೂತು ಓದಬೇಕಾದದ್ದು. ಎರಡು ವಿಷಯ ಅಂತ ಓದು ಇಮ್ಮಡಿಯಾಗಲ್ಲ. ಆದರೆ ಡೆಡ್‌ಲೈನ್‌ಗಳು ಡಿಕ್ಕಿ ಹೊಡೀತವೆ. ಫಿಸಿಯಾಲಜಿ ಲ್ಯಾಬ್ ರಿಪೋರ್ಟು, ಸೈಕಾಲಜಿ ಪ್ರಬಂಧ ಒಂದೇ ವಾರ ಬಂದು ಬೀಳೋದು ಮಾಮೂಲು, ಯಾಕಂದ್ರೆ ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರು ನೋಡಿರಲ್ಲ. ಮೊದಲ ವಾರದಲ್ಲೇ ಎರಡೂ ಕಡೆಯ ತಾರೀಖುಗಳನ್ನ ಒಂದೇ ಹಾಳೆಗೆ ಇಳಿಸು. ಗಡುವು ಮುಂದಕ್ಕೆ ಹಾಕಿ ಅಂತ ಕೇಳೋದಾದರೆ ಮೊದಲೇ ಕೇಳು. ದಿನ ದಾಟಿದ ಮೇಲೆ ಕೇಳಿದರೆ ಅಂಕ ಕಡಿತವೇ ಗತಿ.

ಎರಡೂ ಕಡೆ ಸ್ಟಾಟಿಸ್ಟಿಕ್ಸ್ ಇರುತ್ತೆ: ಟಿ-ಟೆಸ್ಟ್, ಅನೋವಾ, ಕೋರಿಲೇಷನ್. ಅದನ್ನ ಮೊದಲ ವರ್ಷವೇ ಗಟ್ಟಿ ಮಾಡಿಕೋ, ಒಂದು ಕಡೆ ಕಲಿತದ್ದು ಎರಡೂ ಕಡೆ ಅನ್ನ ಹಾಕುತ್ತೆ.

ಅಂಕ ನೋಡಿ ಹೆದರಬೇಡ. ಇಲ್ಲಿ 70 ದಾಟಿದರೆ ಫಸ್ಟ್ ಕ್ಲಾಸ್, 60ರಿಂದ 69 ಅಪ್ಪರ್ ಸೆಕೆಂಡ್, 50ರಿಂದ 59 ಲೋವರ್ ಸೆಕೆಂಡ್, ಪಾಸಿಗೆ 40. ಪಿಯುಸಿಯಲ್ಲಿ 95 ತೆಗೆದವಳಿಗೆ 62 ಬಂದರೆ ಮನೆಯಲ್ಲಿ ಫೋನಿನಲ್ಲಿ ಹೇಳೋಕೂ ಬಾಯಿ ಬರಲ್ಲ, ಆದರೆ ಅದು ಒಳ್ಳೇ ಅಂಕ. ನಮ್ಮ ಕಡೆ ಪುಸ್ತಕದ ಸಾಲು ಹಾಗೇ ಬರೆದರೆ ಪೂರ್ತಿ ಅಂಕ. ಇಲ್ಲಿ ಅದನ್ನೇ ಕಳ್ಳತನ ಅಂತಾರೆ. ಟರ್ನಿಟಿನ್ ಅನ್ನೋ ಸಾಫ್ಟ್‌ವೇರ್ ಹೊಂದುವ ಸಾಲುಗಳನ್ನ ಗುರುತು ಹಾಕಿ ತೋರಿಸುತ್ತೆ. ಓದು, ಪುಸ್ತಕ ಮುಚ್ಚು, ನಿನ್ನ ಮಾತಿನಲ್ಲಿ ಬರೆ, ಆಮೇಲೆ ಎಲ್ಲಿಂದ ತಗೊಂಡೆ ಅಂತ ಹಾಕು.

ಅನಾಟಮಿ ಇದ್ದರೆ ದಾನವಾಗಿ ಬಂದ ದೇಹಗಳ ಭಾಗಗಳನ್ನ ನೋಡ್ತೀಯ. ಮೆಡಿಕಲ್ ಅಲ್ಲದವರಿಗೆ ಸಾಮಾನ್ಯವಾಗಿ ಮೊದಲೇ ಕತ್ತರಿಸಿ ಬಿಡಿಸಿಟ್ಟ ಭಾಗಗಳೇ ಸಿಗೋದು. ಇಂಗ್ಲೆಂಡಿನಲ್ಲಿ ಇದಕ್ಕೆ 2004ರ ಹ್ಯೂಮನ್ ಟಿಶ್ಯೂ ಆಕ್ಟ್ ಇದೆ. ಫೋನ್ ಹೊರಗೇ ಬಿಡು, ಫೋಟೋ ತೆಗೆದರೆ ಕೋರ್ಸಿಗೇ ಕುತ್ತು. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡ. ದೇಹ ಕೆಡದಂತೆ ಹಾಕೋ ಫಾರ್ಮಾಲಿನ್ ವಾಸನೆಯಲ್ಲಿ ಗಂಟೆಗಟ್ಟಲೆ ನಿಂತರೆ ತಲೆ ಸುತ್ತುತ್ತೆ. ಒಳಗೆ ಕಾಲಿಡುವಾಗ ಮನಸ್ಸಿನಲ್ಲೇ ಕೈ ಮುಗಿ.

ಡಾಕ್ಟರ್ ಪ್ರಶ್ನೆಗೆ: ಇಲ್ಲ, ಈ ಡಿಗ್ರಿಯಿಂದ ನೇರ ದಾರಿಯಿಲ್ಲ. ಡಿಗ್ರಿ ಆದವರಿಗೆ ನಾಲ್ಕು ವರ್ಷದ ಮೆಡಿಸಿನ್ ಕೋರ್ಸ್ ಇದೆ, ಅದಕ್ಕೆ ಬೇರೆಯೇ ಪೈಪೋಟಿ. ಆಸ್ಪತ್ರೆ ಲ್ಯಾಬಿನ ಬಯೋಮೆಡಿಕಲ್ ಸೈಂಟಿಸ್ಟ್ ಆಗೋಕೂ ಎಚ್‌ಸಿಪಿಸಿ, ಅಂದ್ರೆ ಇಲ್ಲಿನ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯ ನೋಂದಣಿ ಬೇಕು. ಹ್ಯೂಮನ್ ಬಯಾಲಜಿ ಅನ್ನೋ ಹೆಸರು ಅದಕ್ಕೆ ಸಾಲದು.

ಈಗ ನೀನು ಕೇಳದೇ ಇದ್ದದ್ದು. ಸೈಕಾಲಜಿಯಲ್ಲಿ ಮುಂದೆ ವೃತ್ತಿ ತರಬೇತಿಗೆ ಹೋಗೋಕೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಒಂದು ಅರ್ಹತೆ ಬೇಕು, ಜಿಬಿಸಿ ಅಂತಾರೆ. ಜಾಯಿಂಟ್ ಡಿಗ್ರಿಯಲ್ಲಿ ಅದು ಸಿಗಬೇಕಾದರೆ ನಿನ್ನ ಆ ಜೋಡಿ ಕೋರ್ಸಿಗೇ ಮಾನ್ಯತೆ ಇರಬೇಕು, ಒಂಟಿ ಸೈಕಾಲಜಿ ಕೋರ್ಸಿಗೆ ಇದ್ದರೆ ಆಗಲ್ಲ. ಅರ್ಧದಷ್ಟು ಓದು ಸೈಕಾಲಜಿಯದ್ದಾಗಿರಬೇಕು, ಕನಿಷ್ಠ ಲೋವರ್ ಸೆಕೆಂಡ್ ಬರಬೇಕು, ಮತ್ತೆ ಕೊನೇ ವರ್ಷದ ಪ್ರಾಜೆಕ್ಟ್ ಸೈಕಾಲಜಿಯಲ್ಲೇ ಮಾಡಿ ಪಾಸಾಗಿರಬೇಕು. ಪ್ರಾಜೆಕ್ಟ್ ಬಯಾಲಜಿ ಕಡೆ ಹಾಕಿದೆಯೋ, ಆ ಬಾಗಿಲು ಮುಚ್ಚಿತು. ಆಮೇಲೆ ತೆರೆಯಬೇಕಾದರೆ ಕನ್ವರ್ಷನ್ ಕೋರ್ಸ್ ಅಂತ ಮತ್ತೆ ಫೀಸು, ಮತ್ತೆ ಓದು.

ನನಗೆ ಈಗಲೂ ಚುಚ್ಚೋದು ಇದೇ. ಊರಿನ ನೀರಿನ ಮೇಲಿನ ಪ್ರೀತಿಗೆ, ಹಿಂದೆಮುಂದೆ ನೋಡದೆ, ಪ್ರಾಜೆಕ್ಟನ್ನ ಬಯಾಲಜಿಗೆ ಕೊಟ್ಟೆ. ಫ್ಲೋರೈಡ್ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರ್‌ವೆಲ್ ನೀರು ಕುಡಿದು ಬೆಳೆದ ಮಗುವಿನ ಹಲ್ಲಿಗೆ ಎನಾಮಲ್ ಕಟ್ಟೋ ವಯಸ್ಸಿನಲ್ಲೇ ಕಲೆ ಹಿಡಿಯುತ್ತೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿಯುತ್ತೆ. ವಿಷಯ ತಪ್ಪಲ್ಲ, ಕೊಟ್ಟ ಜಾಗ ತಪ್ಪು. ಅದನ್ನೇ ಸೈಕಾಲಜಿ ಕಡೆಯಿಂದ ಕೇಳಬಹುದಿತ್ತು. ನಮ್ಮ ಕಡೆ ಹುಡುಗಿಯರು ನಗುವಾಗ ಸೆರಗೋ ದುಪಟ್ಟಾನೋ ಬಾಯಿಗೆ ಅಡ್ಡ ಹಿಡೀತಾರಲ್ಲ, ಕಲೆಯ ಗಾಢತೆಗೂ ಆ ಸಂಕೋಚಕ್ಕೂ ಎಷ್ಟು ನಂಟು ಅಂತ ಒಂದು ಪ್ರಶ್ನಾವಳಿ. ಬಯಾಲಜಿಯೂ ಉಳೀತಿತ್ತು, ಬಾಗಿಲೂ ಉಳೀತಿತ್ತು.

ಪ್ರಾಜೆಕ್ಟ್ ಹಂಚಿಕೆಯ ಫಾರ್ಮ್ ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಗೇ ಬರುತ್ತೆ. ಅದಕ್ಕೂ ಮುಂಚೆ ಎರಡೂ ಕಡೆಯ ಗೈಡ್‌ಗಳಾಗಬಲ್ಲವರನ್ನ ಮಾತಾಡಿಸಿರು. ಎಥಿಕ್ಸ್ ಒಪ್ಪಿಗೆ, ಅಂದ್ರೆ ಜನರ ಮೇಲೆ ಅಧ್ಯಯನ ಮಾಡೋಕೆ ಯೂನಿವರ್ಸಿಟಿ ಕೊಡೋ ಅನುಮತಿ, ಲಿಖಿತವಾಗಿ ಕೈಗೆ ಬರೋ ತನಕ ಊರಲ್ಲಿ ಒಬ್ಬರ ಹತ್ತಿರವೂ ಉತ್ತರ ಬರೆಸಬೇಡ, ರಜೆಗೆ ಬಂದಿದ್ದೀನಿ ಹೇಗೂ ಅಂತ ಅಂದುಕೊಂಡರೂ ಬೇಡ. ಒಪ್ಪಿಗೆಗೆ ಮುಂಚೆ ಸೇರಿಸಿದ್ದು ಪ್ರಾಜೆಕ್ಟಿಗೆ ಬರಲ್ಲ. 18 ತುಂಬಿದವರನ್ನೇ ಆರಿಸು, ಚಿಕ್ಕವರಾದರೆ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು. ಪ್ರಶ್ನೆಗಳನ್ನ ಕನ್ನಡಕ್ಕೆ ಇಳಿಸಿ, ಆ ಕನ್ನಡವನ್ನ ಇನ್ನೊಬ್ಬರ ಕೈಲಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೊಂದಿಸಿ ನೋಡು. ಈ ಕೆಲಸಕ್ಕೆ ನಮ್ಮ ಸೀಮೆಯ ಮಾತು ಬಲ್ಲ ನಿನಗಿಂತ ಒಳ್ಳೆಯವರು ಆ ತರಗತಿಯಲ್ಲಿ ಸಿಗಲ್ಲ.

ಫೀಸು ಕಟ್ಟೋ ಮುಂಚೆ ಅಡ್ಮಿಷನ್ ಆಫೀಸಿಗೆ ಇಮೇಲ್ ಹಾಕಿ ಎರಡೇ ಪ್ರಶ್ನೆ ಕೇಳು: ಈ ಜೋಡಿ ಕೋರ್ಸಿಗೆ ಸೊಸೈಟಿಯ ಮಾನ್ಯತೆ ಇದೆಯಾ, ಪ್ರಾಜೆಕ್ಟನ್ನ ಸೈಕಾಲಜಿಯಲ್ಲಿ ಮಾಡೋಕೆ ಜಾಗ ಖಾತ್ರಿಯಾ. ಉತ್ತರ ಬಂದ ಮೇಲೆ ಇಲ್ಲೇ ಬರೆ, ನೋಡ್ತೀನಿ.