ಸೀರೆ ಮಡಚುವ ಕೈ ನಿಂತ ಗಳಿಗೆ

ಮಾನ್ಯರೇ,

ಕನ್ನಡ ಧಾರಾವಾಹಿಗಳಲ್ಲಿ ಒಳ್ಳೆಯ ಕಲಾವಿದರು ಕಳಪೆ ಬರವಣಿಗೆಯಿಂದಾಗಿ ವ್ಯರ್ಥವಾಗುತ್ತಿದ್ದಾರೆ ಎಂದು ವಾದಿಸುವ ನಿಮ್ಮ ಲೇಖನ ತಲುಪಿದೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರದೊಂದಿಗೆ ಹಿಂತಿರುಗಿಸಲೂ ಮನಸ್ಸು ಒಪ್ಪಲಿಲ್ಲ. ಏಕೆಂದರೆ ಹನ್ನೊಂದು ಪುಟಗಳ ಆ ಹಸ್ತಪ್ರತಿಯ ಆರನೆಯ ಪುಟದಲ್ಲಿ, ಬಹುಶಃ ಅದರ ಬೆಲೆ ನಿಮಗೇ ತಿಳಿಯದೆ, ಇಡೀ ಲೇಖನವನ್ನು ಹೊತ್ತು ನಿಲ್ಲಬಲ್ಲ ಒಂದು ವಾಕ್ಯವನ್ನು ಬರೆದಿದ್ದೀರಿ.

ಬ್ರಹ್ಮಾವರದ ನಿಮ್ಮ ಮನೆಯಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು ನೋಡಿದ ಒಂದು ಸಂಚಿಕೆಯ ಮಾತು ಅದು. ಅತ್ತೆಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿ ಸೀರೆ ಮಡಚುತ್ತಿದ್ದಾರೆ. ಮಗ ಬಂದು, ತಾನೂ ಹೆಂಡತಿಯೂ ಬೇರೆ ಮನೆ ನೋಡಿದ್ದೇವೆ ಎನ್ನುತ್ತಾನೆ. ‘ಮಡಿಕೆಯ ಮೇಲೆ ಆಕೆಯ ಕೈ ಹಾಗೆಯೇ ನಿಂತಿತು, ಅವನು ಮಾತು ಮುಗಿಸಿದ ಮೇಲೆ ಅದುವರೆಗಿನ ಮಡಿಕೆಯನ್ನೆಲ್ಲ ಬಿಚ್ಚಿ ಮೊದಲಿನಿಂದ ಮಡಚತೊಡಗಿದರು’ ಎಂದು ನೀವು ಬರೆದಿದ್ದೀರಿ. ಮುಂದಿನ ಸಾಲಿನಲ್ಲಿ, ಮಗ ಹೊರಗೆ ಹೋದೊಡನೆ ಆಕೆಯ ಬಾಯಿಗೆ ಹಾಕಿದ ಸ್ವಗತವನ್ನೂ ಕೊಟ್ಟಿದ್ದೀರಿ: ‘ಅಯ್ಯೋ ದೇವರೇ, ಹೆತ್ತು ಹೊತ್ತು ಸಾಕಿದ ಮಗನೇ ನನ್ನನ್ನು ಬಿಟ್ಟು ಹೊರಟಿದ್ದಾನೆ, ಈ ನೋವನ್ನು ನಾನು ಹೇಗೆ ಸಹಿಸಲಿ?’ ಅಲ್ಲಿಂದ ನೇರವಾಗಿ ಟಿಆರ್‌ಪಿಯ ವಿಚಾರಕ್ಕೆ ಹೋಗಿಬಿಟ್ಟಿದ್ದೀರಿ.

ಹಾಗೆ ಹೋಗಬಾರದಿತ್ತು. ನಿಮ್ಮ ವಾದಕ್ಕೆ ಬೇಕಾದ ಸಾಕ್ಷಿ ಅಲ್ಲಿಯೇ ಇತ್ತು. ಆ ತಾಯಿಗೆ ನೋವಾಯಿತು, ಆ ನೋವನ್ನು ಮಗನೆದುರು ತೋರಿಸಿಕೊಳ್ಳಲು ಆಕೆ ಸಿದ್ಧಳಿಲ್ಲ, ಏನಾದರೂ ಕೆಲಸ ಹಚ್ಚಿಕೊಳ್ಳದೆ ಆ ಗಳಿಗೆಯನ್ನು ದಾಟಲು ಆಕೆಗೆ ಆಗುತ್ತಿಲ್ಲ ಎಂಬ ಮೂರನ್ನೂ ನಟಿಯ ಎರಡು ಕೈಗಳು ಒಂದು ಮಾತಿಲ್ಲದೆ ಹೇಳಿ ಮುಗಿಸಿವೆ. ಸ್ವಗತ ಬಂದು ಅದರಲ್ಲಿ ಮೊದಲನೆಯದನ್ನು ಮಾತ್ರ, ಅದೂ ಸಾವಿರ ಸಲ ಕೇಳಿದ ಪದಗಳಲ್ಲಿ, ಮತ್ತೆ ಹೇಳುತ್ತದೆ. ಉಳಿದೆರಡನ್ನು ಸುಳ್ಳು ಮಾಡುತ್ತದೆ. ನೋವನ್ನು ಮುಚ್ಚಿಕೊಳ್ಳಬಲ್ಲ ಹೆಂಗಸು ಎಂದು ನಟಿ ಕಟ್ಟಿದ ಪಾತ್ರವನ್ನು, ಗೋಳಾಡುವ ಹೆಂಗಸು ಎಂದು ಸಂಭಾಷಣೆ ಕೆಡವುತ್ತದೆ. ಪ್ರತಿಭೆ ವ್ಯರ್ಥವಾಗುವುದೆಂದರೆ ನನ್ನ ತಿಳಿವಳಿಕೆಯಲ್ಲಿ ಇದೇ. ನಟಿಗೆ ಅವಕಾಶ ಸಿಗಲಿಲ್ಲ ಎಂಬ ದೂರಿಗಿಂತ, ಆಕೆ ಮಾಡಿದ್ದನ್ನು ಮರುಕ್ಷಣವೇ ಅಳಿಸಲಾಯಿತು ಎಂಬ ದೂರು ಗಂಭೀರವಾದದ್ದು. ಅದನ್ನು ಹೇಳಲು ನಿಮ್ಮ ಹತ್ತಿರ ಆಧಾರವಿದೆ, ಆದರೆ ನೀವು ಅದನ್ನು ಹೇಳಿಲ್ಲ.

ಉಳಿದ ಹತ್ತು ಪುಟಗಳಲ್ಲಿ ಹದಿನಾಲ್ಕು ಕಲಾವಿದರ ಹೆಸರು ಬರುತ್ತದೆ. ಅವರ ಅಭಿನಯವನ್ನು ಅಮೋಘ, ಮನೋಜ್ಞ, ಅದ್ಭುತ, ಕಣ್ಣಲ್ಲೇ ಮಾತನಾಡುವಂಥದ್ದು ಎಂದು ಹೊಗಳಿದ್ದೀರಿ. ಅವರಲ್ಲಿ ಯಾರೊಬ್ಬರು ಯಾವ ಸಂದರ್ಭದಲ್ಲಿ ಏನು ಮಾಡಿದರು ಎಂಬುದು ಒಂದು ಕಡೆಯೂ ಇಲ್ಲ. ಓದುಗರು ಆ ಸಂಚಿಕೆಯನ್ನು ನೋಡಿರುವುದಿಲ್ಲ. ಅವರಿಗೆ ಅದನ್ನು ಕಾಣಿಸಬೇಕಾದವರು ನೀವು. ವಿಶೇಷಣ ಕಾಣಿಸುವುದಿಲ್ಲ, ಕೈ ನಿಂತದ್ದು ಕಾಣಿಸುತ್ತದೆ. ದಯವಿಟ್ಟು ಹದಿನಾಲ್ಕು ಹೆಸರುಗಳನ್ನೂ ಬಿಟ್ಟುಬಿಡಿ. ಇಬ್ಬರು ಸಾಕು, ಒಬ್ಬರೇ ಆದರೂ ನನ್ನ ಅಭ್ಯಂತರವಿಲ್ಲ.

ಬರಹಗಾರರ ಬಗ್ಗೆ ನೀವು ಬರೆದ ಮಾತುಗಳಿಗೆ ನನ್ನ ಆಕ್ಷೇಪ ಇನ್ನೂ ಬಲವಾದದ್ದು. ‘ಧಾರಾವಾಹಿ ಬರೆಯುವವರಿಗೆ ಸಾಹಿತ್ಯದ ಗಂಧವಿಲ್ಲ’ ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟಿದ್ದೀರಿ. ಅವರಲ್ಲಿ ಯಾರನ್ನಾದರೂ ಕೇಳಿದ್ದೀರಾ? ಆ ಕೆಲಸ ಮಾಡಿದ ಇಬ್ಬರನ್ನು ನಾನು ನಾಟಕದ ಬಳಗದಿಂದ ಬಲ್ಲೆ. ಇಬ್ಬರೂ ಚೆನ್ನಾಗಿ ಓದಿಕೊಂಡವರು. ಅವರು ಹೇಳುವ ಪ್ರಕಾರ ದಿನವಹಿ ಧಾರಾವಾಹಿಯಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮೂರನೆಯವರದು. ಇದೆಲ್ಲದರ ಮೇಲೆ ವಾಹಿನಿಯವರ ಒಪ್ಪಿಗೆ ಬೇಕು. ಎಷ್ಟು ಜನ ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ರೇಟಿಂಗ್ ವಾರಕ್ಕೊಮ್ಮೆ ಬರುತ್ತದೆ. ಅಂಕಿ ಇಳಿದರೆ ಕಥೆಯ ಟ್ರ್ಯಾಕ್ ಬದಲಾಗುತ್ತದೆ, ನಿನ್ನೆಯವರೆಗೆ ಸಾಧುವಾಗಿದ್ದ ನಾದಿನಿ ನಾಳೆಯಿಂದ ವಿಷ ಬೆರೆಸುವವಳಾಗುತ್ತಾಳೆ. ಹೊಸ ದೃಶ್ಯಗಳು ಹಿಂದಿನ ರಾತ್ರಿ ಬರೆದಾಗಿ ಬೆಳಿಗ್ಗೆ ಚಿತ್ರೀಕರಣದ ಮನೆಗೆ ತಲುಪುವುದೂ ಉಂಟು. ಕಲಾವಿದರು ಮೇಕಪ್ಪಿಗೆ ಕುಳಿತಾಗ ಹಾಳೆ ಕೈಗೆ ಬರುತ್ತದೆ. ಕಂಠಪಾಠಕ್ಕೆ ಸಮಯವಿಲ್ಲದ್ದರಿಂದ ಕ್ಯಾಮೆರಾದ ಪಕ್ಕದಲ್ಲಿ ನಿಂತ ಸಹಾಯಕರು ಒಂದೊಂದೇ ಸಾಲನ್ನು ಓದಿ ಹೇಳುತ್ತಾರೆ, ಕಲಾವಿದರು ಅದನ್ನು ಕೇಳಿ ಆಡುತ್ತಾರೆ.

ಪ್ರಾಂಪ್ಟಿಂಗ್ ಎಂದು ಎಲ್ಲರೂ ಸುಮ್ಮನೆ ಹೇಳಿ ದಾಟುವ ಈ ಪದ್ಧತಿಯ ಬಗ್ಗೆ ನೀವು ನಿಂತು ಯೋಚಿಸಬೇಕೆಂದು ನನ್ನ ಆಸೆ. ಎರಡು ಮಾತುಗಳ ನಡುವಿನ ಮೌನ ನಟನ ಸ್ವಂತ ಸ್ವತ್ತು. ಎದುರಿನವನ ಮಾತು ಮನಸ್ಸಿನೊಳಗೆ ಇಳಿಯುವುದು, ಉತ್ತರ ಹುಟ್ಟುವುದು, ಹುಟ್ಟಿದ ಉತ್ತರವನ್ನು ನುಂಗಿಕೊಂಡು ಬೇರೊಂದನ್ನು ಆಡುವುದು ಎಲ್ಲವೂ ಆ ಮೌನದಲ್ಲಿಯೇ ನಡೆಯಬೇಕು. ಪಕ್ಕದಿಂದ ಬರುವ ಸಾಲಿಗೆ ಕಿವಿಗೊಟ್ಟು ನಿಂತವರಿಗೆ ಆ ಮೌನ ಸಿಗುವುದಾದರೂ ಹೇಗೆ? ಅದರ ಮೇಲೆ, ಯಾರೋ ಒಬ್ಬರು ಒಂದು ಮಾತು ಆಡಿದೊಡನೆ ಕ್ಯಾಮೆರಾ ಕೋಣೆಯಲ್ಲಿದ್ದ ಎಂಟು ಮಂದಿಯ ಮುಖಗಳಿಗೂ ಗುಡುಗಿನ ಸದ್ದಿನೊಂದಿಗೆ ಹೋಗಿಬರುತ್ತದೆ. ಅಷ್ಟು ಹೊತ್ತೂ ಎಂಟು ಮಂದಿಯೂ ಒಂದೇ ಭಾವವನ್ನು ಹಿಡಿದು ನಿಲ್ಲಬೇಕು. ಅಭಿನಯವೆಂಬುದು ಭಾವದ ಚಲನೆ; ಚಲಿಸಲು ದೃಶ್ಯದಲ್ಲಿ ಜಾಗವನ್ನೇ ಬರೆಯದಿದ್ದರೆ ದೊಡ್ಡ ಕಲಾವಿದೆಯೂ ಕಣ್ಣರಳಿಸಿ ನಿಲ್ಲುವುದಲ್ಲದೆ ಬೇರೇನು ಮಾಡಿಯಾರು? ಇಷ್ಟೆಲ್ಲದರ ನಡುವೆ ನಿಮ್ಮ ಆ ಹಿರಿಯ ನಟಿ ಮಡಿಕೆ ಬಿಚ್ಚುವ ಒಂದು ಗಳಿಗೆಯನ್ನು ಹೇಗೋ ಉಳಿಸಿಕೊಂಡರು ಎಂಬುದಕ್ಕೆ ನಾನು ತಲೆಬಾಗುತ್ತೇನೆ.

ಇದನ್ನೆಲ್ಲ ಓದಿದ ಮೇಲೆ, ದಿನವಹಿ ಧಾರಾವಾಹಿ ಎಂಬ ರೂಪವೇ ಕೆಟ್ಟದ್ದು ಎಂಬ ಇನ್ನೊಂದು ತುದಿಗೆ ನೀವು ಹೋಗಬಾರದು. 1998ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಮಾಯಾಮೃಗ’ವೂ ದಿನವಹಿಯೇ. ಅದರ ಹಿಂದೆ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರಂತಹವರಿದ್ದರು. ಬರವಣಿಗೆಯೂ ನಿರ್ದೇಶನವೂ ಒಂದೇ ಬಳಗದ ಹಿಡಿತದಲ್ಲಿದ್ದದ್ದರಿಂದ ಸಣ್ಣ ಪಾತ್ರ ಮಾಡಿದವರೂ ಮನೆಮಂದಿಯ ನೆನಪಿನಲ್ಲಿ ಉಳಿದರು. ನಮ್ಮ ಮೂಲ್ಕಿಯ ಸದಾನಂದ ಸುವರ್ಣರು ಅದಕ್ಕೂ ಮೊದಲು ನಿರ್ದೇಶಿಸಿದ ‘ಗುಡ್ಡದ ಭೂತ’ವನ್ನು ನೀವು ಹೆಸರಿಸಿದ್ದೀರಿ, ಸಂತೋಷ. ಆದರೆ ಅದು ಕೆಲವೇ ಕಂತುಗಳಲ್ಲಿ ಮುಗಿದ ಕಥೆ. ಸಾವಿರ ಸಂಚಿಕೆ ಎಳೆಯುವ ಧಾರಾವಾಹಿಯ ಪಕ್ಕದಲ್ಲಿ ಅದನ್ನು ಇಟ್ಟು ತೂಗುವುದು ನ್ಯಾಯವಲ್ಲ. ನಿಮ್ಮ ಹೋಲಿಕೆಗೆ ‘ಮಾಯಾಮೃಗ’ವೇ ಸರಿ.

ವೇಷ, ಕುಣಿತಗಳಿಲ್ಲದೆ ಅರ್ಥಧಾರಿಗಳು ಕುಳಿತು ಪಾತ್ರಗಳಾಗಿ ಮಾತನಾಡುವ ಯಕ್ಷಗಾನದ ಕೂಟವಾದ ತಾಳಮದ್ದಳೆಯ ಬಗ್ಗೆ ನೀವು ಬರೆದ ಪ್ಯಾರಾವನ್ನು ನಾನು ಒಪ್ಪುವುದಿಲ್ಲ. ‘ನಮ್ಮ ಅರ್ಥಧಾರಿಗಳು ಲಿಖಿತ ಸಂಭಾಷಣೆಯಿಲ್ಲದೆ ರಾತ್ರಿಯಿಡೀ ಮಾತನಾಡುತ್ತಾರೆ, ಆದ್ದರಿಂದ ನಿಜವಾದ ಪ್ರತಿಭೆಗೆ ಬರಹಗಾರನ ಹಂಗಿಲ್ಲ’ ಎಂದಿದ್ದೀರಿ. ಕರಾವಳಿಯಲ್ಲಿ ಹುಟ್ಟಿ ಬೆಳೆದ ನೀವು ಇದನ್ನು ಇಷ್ಟು ಅವಸರದಲ್ಲಿ ಹೇಳಬಾರದಿತ್ತು. ಬಾಣ ತಗುಲಿ ಬಿದ್ದ ವಾಲಿ, ಎದುರಿಗೆ ಬಂದು ನಿಂತ ರಾಮ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂಬ ಪ್ರಶ್ನೆ. ಕೇಳುವವನಲ್ಲಿಯೂ ನ್ಯಾಯವಿದೆ, ಉತ್ತರಿಸಬೇಕಾದವನಲ್ಲಿಯೂ ಇದೆ. ಈ ಸನ್ನಿವೇಶವನ್ನು ಅರ್ಥಧಾರಿ ಹುಟ್ಟಿಸಿಕೊಂಡದ್ದಲ್ಲ. ಆದಿಕವಿ ಕಟ್ಟಿದ್ದು, ಪ್ರಸಂಗಕರ್ತ ಪದ್ಯಗಳಲ್ಲಿ ಹದವಾಗಿ ಇಳಿಸಿದ್ದು, ಭಾಗವತರು ಹಾಡಿ ಎತ್ತಿಕೊಟ್ಟದ್ದು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅಷ್ಟು ಎತ್ತರಕ್ಕೆ ಏರಿದ್ದರೆ, ಏರಲು ಕಾಲಡಿಯಲ್ಲಿ ಅಷ್ಟು ಗಟ್ಟಿಯಾದ ನೆಲ ಇತ್ತು. ತಾಳಮದ್ದಳೆಯ ಕೂಟ ನಿಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷಿ ಹೇಳುತ್ತದೆ. ಆ ಪ್ಯಾರಾವನ್ನು ತೆಗೆಯಬೇಡಿ, ತಿರುಗಿಸಿ ಬರೆಯಿರಿ.

ಇನ್ನೊಂದು ವಿಷಯವನ್ನು ನೀವು ಆವರಣದೊಳಗೆ ಒಂದೂವರೆ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದು ಮನಸ್ಸಿಗೆ ತುಂಬ ಹತ್ತಿರವಾದದ್ದು. ನಮ್ಮ ಕಡೆಯ ನಟರೊಬ್ಬರು ಒಂದು ಧಾರಾವಾಹಿಯಲ್ಲಿ ಅಡುಗೆ ಭಟ್ಟರಾಗಿ ಬಂದು ‘ಎಂತ ಮಾರಾಯ್ರೆ’ ಎಂದು ಹೇಳಿ ಹೋಗುತ್ತಾರೆ ಎಂದಿದ್ದೀರಿ. ಅವರನ್ನು ನಾನು ವರ್ಷಗಳ ಹಿಂದೆ ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ, ರಂಗಭೂಮಿ ಸಂಸ್ಥೆಯವರ ನಾಟಕ ಸ್ಪರ್ಧೆಯಲ್ಲಿ ನೋಡಿದ್ದೇನೆ. ಮಗನನ್ನು ಕಳೆದುಕೊಂಡ ಒಕ್ಕಲಿನ ಪಾತ್ರ. ಇದೇ ನಮ್ಮ ಊರಿನ ಕನ್ನಡದಲ್ಲಿ, ‘ಅವ ಬರುವುದಿಲ್ಲ, ಅಲ್ಲವಾ?’ ಎಂದು ಅವರು ಕೇಳಿದಾಗ ಸಭೆಯಲ್ಲಿ ಉಸಿರಾಡಿದ ಸದ್ದೂ ಇರಲಿಲ್ಲ. ಆ ಭಾಷೆಯಲ್ಲಿ ದುಃಖಪಡಬಹುದು, ಸಾಲ ಕೇಳಬಹುದು, ಹೆಂಡತಿಯ ಮೇಲಿನ ಪ್ರೀತಿಯನ್ನು ಹೇಳದೆಯೇ ಹೇಳಬಹುದು. ಧಾರಾವಾಹಿ ಬರೆಯುವವರಿಗೆ ಅದು ನಗೆಯ ಸಾಮಗ್ರಿಯಾಗಿ ಮಾತ್ರ ಕಂಡರೆ, ನಟನ ಜೊತೆಗೆ ಒಂದು ಪ್ರದೇಶದ ಮಾತೂ ವ್ಯರ್ಥವಾಯಿತು. ಇದನ್ನು ನಮ್ಮ ಜಿಲ್ಲೆಯವರು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ಆವರಣ ಚಿಹ್ನೆಯನ್ನು ಒಡೆದು ಅದಕ್ಕೆ ಎರಡು ಪುಟ ಕೊಡಿ. ಸಾಧ್ಯವಾದರೆ ಅವರನ್ನು ಭೇಟಿ ಮಾಡಿ ಮಾತನಾಡಿಸಿ. ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ನಾನು ಕೊಡುತ್ತೇನೆ. ಜೀವನೋಪಾಯಕ್ಕಾಗಿ ಮಾಡುವ ಕೆಲಸವನ್ನು ಹೀನೈಸುವ ಧಾಟಿಯಲ್ಲಿ ಮಾತ್ರ ಪ್ರಶ್ನೆ ಕೇಳಬೇಡಿ. ನಾಟಕದಿಂದ ಮನೆ ನಡೆಯುವುದಿಲ್ಲ, ಧಾರಾವಾಹಿಯಿಂದ ಮಕ್ಕಳ ಶಾಲೆಯ ಶುಲ್ಕ ಕಟ್ಟಲಾಗುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಭಾಷೆಯ ಸಣ್ಣಪುಟ್ಟ ತಿದ್ದುಪಡಿಗಳನ್ನು ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿದ್ದೇನೆ, ಅವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಲೇಖನ ಐದು ಪುಟ ಮೀರದಿರಲಿ. ಆರನೆಯ ಪುಟದ ಸೀರೆಯಿಂದಲೇ ಆರಂಭಿಸಿ. ಆ ದೃಶ್ಯವನ್ನು ಇನ್ನೊಮ್ಮೆ, ಸಾಧ್ಯವಾದರೆ ಧ್ವನಿ ನಿಲ್ಲಿಸಿ ನೋಡಿ, ನಟಿ ಏನೇನು ಮಾಡುತ್ತಾರೆ ಎಂಬುದನ್ನು ಅನುಕ್ರಮವಾಗಿ ಬರೆದುಕೊಳ್ಳಿ. ಅನಂತರ ಧ್ವನಿಯೊಂದಿಗೆ ನೋಡಿ, ಯಾವ ಮಾತು ಯಾವುದನ್ನು ಅಳಿಸಿತು ಎಂದು ಗುರುತಿಸಿ. ಪಕ್ಕದಲ್ಲಿ ಕುಳಿತಿದ್ದ ನಿಮ್ಮ ಅಮ್ಮ ಆಗ ಏನೆಂದರು ಎಂಬುದನ್ನೂ ತಿಳಿಯುವ ಕುತೂಹಲ ನನಗಿದೆ. ನೀವು ಅದನ್ನು ಬರೆದಿಲ್ಲ. ತಿದ್ದಿದ ಪ್ರತಿಯ ಜೊತೆಗೆ ಆ ಸಂಚಿಕೆ ಪ್ರಸಾರವಾದ ದಿನಾಂಕವನ್ನು ಕಳಿಸಿಕೊಡಿ, ನಾನೂ ಅದನ್ನು ಹುಡುಕಿ ನೋಡುತ್ತೇನೆ.

ಇತಿ ವಿಶ್ವಾಸದ,
ಸಂಪಾದಕ
ಉಡುಪಿ